ಹೊಟ್ಟೆಗೆ ಬ್ಯಾಗ್ ಹಾಕಿದವರಿಗೆ ಸುಮ್ನೆ ನೀರು ಕುಡಿಸುತ್ತಾ ಹೋಗಬೇಡಿ

ನಮ್ಮ ಯಜಮಾನರಿಗೆ ದೊಡ್ಡ ಕರುಳು ತೆಗೆದು, ಮಲ ಬಂದು ಸೇರಲು ಹೊಟ್ಟೆಗೆ ಬ್ಯಾಗ್ ಹಾಕಿ ಮನೆಗೆ ಕಳಿಸಿದ್ದರು. ಹನ್ನೊಂದನೇ ದಿನಕ್ಕೆ ಅವರನ್ನು ಮತ್ತೆ ಐಸಿಯುಗೆ ಸೇರಿಸಬೇಕಾಯಿತು. ಹೊಲಿಗೆ ಬಿಚ್ಚಿರಲಿಲ್ಲ. ಇನ್ಫೆಕ್ಷನ್ ಆಗಿರಲಿಲ್ಲ. ನಾವೇ ಪ್ರೀತಿಯಿಂದ ಕುಡಿಸಿದ ನೀರು, ಎಳನೀರು, ಜ್ಯೂಸು, ಜೊತೆಗೆ ಉಪ್ಪಿಲ್ಲದ ಗಂಜಿ, ಇವೇ ಅವರನ್ನು ಅಲ್ಲಿಗೆ ತಂದಿದ್ದವು. ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗೆ ಬ್ಯಾಗ್ ಹಾಕಿದ್ದರೆ ದಯವಿಟ್ಟು ಪೂರ್ತಿ ಓದಿ.

ಅವರಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಗೆ ಹುಣ್ಣಾಗುವ ಕಾಯಿಲೆ, ಶುರುವಾಗಿ ಆರು ವರ್ಷ ಆಗಿತ್ತು. ಮಾತ್ರೆಯಲ್ಲಿ ಹೇಗೋ ನಡೆಯುತ್ತಿತ್ತು. 2024ರ ಬೇಸಿಗೆಯಲ್ಲಿ ಜೋರಾಗಿ ಉಲ್ಬಣಿಸಿತು. ದಿನಕ್ಕೆ ಹದಿನೈದು ಸಲ ರಕ್ತ ಬೇಧಿ. ಸ್ಟೀರಾಯ್ಡ್‌ಗೂ ಬಗ್ಗಲಿಲ್ಲ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತಂದರು. ಇದಕ್ಕೆ ಇಲಿಯಾಸ್ಟಮಿ ಅನ್ನುತ್ತಾರೆ. ಆಪರೇಷನ್ ಚೆನ್ನಾಗಿಯೇ ಆಯಿತು, ಅದರಲ್ಲಿ ನನ್ನ ದೂರಿಲ್ಲ. ಡಿಸ್ಚಾರ್ಜ್ ದಿನ ಬ್ಯಾಗ್ ಬದಲಾಯಿಸೋದು ಹೇಗೆ ಅಂತ ನರ್ಸ್ ಹತ್ತು ನಿಮಿಷ ತೋರಿಸಿದರು. ಊಟದ ಬಗ್ಗೆ ಕೇಳಿದೆ. "ಲೈಟಾಗಿ ಕೊಡಿ, ಚೆನ್ನಾಗಿ ನೀರು ಕುಡಿಸಿ" ಅಂದರು. ಡಯಟೀಷಿಯನ್ ಆವತ್ತು ರಜೆ. ಚೀಟಿಯಲ್ಲೂ ಇಂಗ್ಲಿಷಿನಲ್ಲಿ ಅದೇ ಎರಡು ಸಾಲು.

ನಮ್ಮೂರು ತಿಪಟೂರಿನ ಹತ್ತಿರ. ಸುತ್ತ ತೆಂಗಿನ ತೋಟ. ಕಾಯಿಲೆಯವರು ಮನೆಗೆ ಬಂದರೆ ಮೊದಲು ಎಳನೀರು ಕೊಡೋದು ನಮ್ಮ ಕಡೆ ವಾಡಿಕೆ. ಅತ್ತೆ ದಿನಕ್ಕೆ ನಾಲ್ಕು ಕೆತ್ತಿಸುತ್ತಿದ್ದರು. ಗಂಜಿಗೆ ನಾನು ಉಪ್ಪು ಹಾಕಲು ಹೋದರೆ, "ಉಪ್ಪು ಹಾಕ್ಬೇಡ ಕಣಮ್ಮ, ಹೊಲಿಗೆ ನಂಜಾಗುತ್ತೆ" ಅಂದರು. ಅತ್ತೆಗೆ ಬಿಪಿ ಇರುವುದರಿಂದ ನಮ್ಮನೆ ಸಾರಿಗೂ ಉಪ್ಪು ಕಡಿಮೆಯೇ. ನಾನು ಎದುರು ಮಾತಾಡಲಿಲ್ಲ. ನನಗೂ ಅದು ಸರಿ ಅನ್ನಿಸಿತ್ತು. ಅತ್ತೆಯ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಮಗ ಬದುಕಲಿ ಅಂತಲೇ ಅವರು ಮಾಡಿದ್ದು. ಇದು ಬೇರೆ ಥರ ಅಂತ ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮೊದಲೆರಡು ದಿನ ಬ್ಯಾಗನ್ನು ಐದಾರು ಸಲ ಖಾಲಿ ಮಾಡಿದೆವು. ನಾಲ್ಕನೇ ದಿನಕ್ಕೆ ಎಂಟು ಸಲ ಆಯಿತು. ಆಮೇಲೆ ಗಂಟೆಗೊಮ್ಮೆ. ಮೊದಲು ಅಂಬಲಿಯ ಹಾಗೆ ಗಟ್ಟಿಯಾಗಿ ಬರುತ್ತಿದ್ದದ್ದು ತಿಳಿಯಾಗಿ, ಅನ್ನ ಬಸಿದ ಗಂಜಿ ತಿಳಿಯ ಹಾಗೆ ಸುರಿಯಿತು. "ಬಾಯಾರಿಕೆ, ಬಾಯಾರಿಕೆ" ಅಂತ ಇವರು ಚೊಂಬುಗಟ್ಟಲೆ ನೀರು ಕುಡಿದರು. ಕುಡಿದ ಅರ್ಧ ಗಂಟೆಗೆ ಬ್ಯಾಗ್ ತುಂಬುತ್ತಿತ್ತು. ಹೋದದ್ದನ್ನು ತುಂಬಿಸಬೇಕಲ್ವಾ ಅಂತ ನಾವು ಇನ್ನೂ ಕುಡಿಸಿದೆವು. ರಾತ್ರಿ ಮೀನಖಂಡ ಹಿಡಿದುಕೊಂಡು ಕೂಗುತ್ತಿದ್ದರು. ನಾನು ಎಣ್ಣೆ ಹಚ್ಚಿ ತಿಕ್ಕಿದೆ. ಮೂತ್ರ ದಿನಕ್ಕೆ ಎರಡೇ ಸಲ, ಅದೂ ಕಾಫಿ ಡಿಕಾಕ್ಷನ್ ಬಣ್ಣ. ಇಷ್ಟು ನೀರು ಕುಡಿದರೂ ಮೂತ್ರ ಯಾಕಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ಮೈದುನ ಮೆಡಿಕಲ್ ಶಾಪಿನಿಂದ ಓಆರ್‌ಎಸ್ ಅಂತ ದೊಡ್ಡದಾಗಿ ಬರೆದಿದ್ದ ಪೊಟ್ಟಣಗಳನ್ನು ತಂದ. ಸ್ಟ್ರಾ ಚುಚ್ಚಿ ಕುಡಿಯುವಂಥದ್ದು, ಆಪಲ್ ರುಚಿ. ಇವರಿಗೆ ಇಷ್ಟವಾಯಿತು, ದಿನಕ್ಕೆ ಐದು ಕುಡಿದರು. ಬ್ಯಾಗ್ ಇನ್ನೂ ಬೇಗ ತುಂಬತೊಡಗಿತು.

ಹತ್ತನೇ ದಿನ ಸಂಜೆ ಮಂಚದಿಂದ ಎದ್ದು ನಿಂತವರು ಹಾಗೇ ಕುಸಿದರು. ನಾಲಿಗೆ ಒಣಗಿ ಸೀಳಿತ್ತು. ಕೈಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರೆ ಗೆರೆ ಹಾಗೇ ನಿಂತಿತ್ತು. ಮಾರನೇ ಬೆಳಗ್ಗೆ ತುಮಕೂರಿಗೆ ಕರೆದುಕೊಂಡು ಹೋದಾಗ ಬಿಪಿ 80ಕ್ಕೆ ಇಳಿದಿತ್ತು. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, 121. ಅದು 135ರ ಮೇಲಿರಬೇಕು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 3.8ಕ್ಕೆ ಏರಿತ್ತು. ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಅಲ್ಲಿನ ಡಾಕ್ಟರು ನನ್ನನ್ನು ಮೊದಲು ಕೇಳಿದ್ದು, "ಏನಮ್ಮ, ಬ್ಯಾಗಿಂದ ದಿನಕ್ಕೆ ಎಷ್ಟು ಎಂಎಲ್ ಹೋಗ್ತಿದೆ, ಅಳೆದಿದ್ದೀರಾ?" ಅಂತ. ಅಳೆಯಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ. ಅಲ್ಲಿ ಅಳೆದರು. ಮೊದಲ ದಿನ ಮೂರು ಲೀಟರ್ ದಾಟಿತು.

ಆರು ದಿನ ಸಲೈನ್ ಹಾಕಿದರು. ಡಯಾಲಿಸಿಸ್ ಬೇಕಾಗಲಿಲ್ಲ, ದೇವರು ದೊಡ್ಡವನು. ಅಲ್ಲಿನ ಡಯಟೀಷಿಯನ್ ಮೇಡಂ ಹಾಸಿಗೆ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಮುಕ್ಕಾಲು ಗಂಟೆ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಇಲ್ಲಿ ಬರೆಯುತ್ತೇನೆ.

ನಾವು ಕುಡಿದದ್ದು, ಎಂಜಲು, ಜಠರರಸ, ಪಿತ್ತ ಎಲ್ಲ ಸೇರಿ ದಿನಕ್ಕೆ ಎಂಟೊಂಬತ್ತು ಲೀಟರ್ ನೀರು ಕರುಳಿಗೆ ಇಳಿಯುತ್ತದೆ. ಹೆಚ್ಚಿನದನ್ನು ಸಣ್ಣ ಕರುಳು ಹೀರಿಕೊಳ್ಳುತ್ತದೆ. ಕೊನೆಗೆ ಉಳಿದ ಒಂದೂವರೆ ಲೀಟರಿನಷ್ಟನ್ನು, ಅದರಲ್ಲಿರುವ ಉಪ್ಪಿನ ಸಮೇತ ಎಳೆದುಕೊಳ್ಳುವುದು ದೊಡ್ಡ ಕರುಳಿನ ಕೆಲಸ. ಅದನ್ನೇ ತೆಗೆದ ಮೇಲೆ ಆ ನೀರೂ ಉಪ್ಪೂ ಬ್ಯಾಗಿಗೆ ಹೋಗುತ್ತದೆ. ಅಂದರೆ ಇಲಿಯಾಸ್ಟಮಿ ಇರುವವರು ದಿನಾ ಉಪ್ಪು ಕಳೆದುಕೊಳ್ಳುತ್ತಿರುತ್ತಾರೆ. ನಾವು ಅಂಥವರಿಗೆ ಉಪ್ಪಿಲ್ಲದ ಗಂಜಿ ಕೊಡುತ್ತಿದ್ದೆವು!

ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಗೊತ್ತಾಯಿತು. ಬ್ಯಾಗ್ ಜಾಸ್ತಿ ಸುರಿಯುತ್ತಿರುವಾಗ ಬರೀ ನೀರು ಕುಡಿದರೆ ಅದು ಮೈಗೆ ಹತ್ತುವುದಿಲ್ಲ. ಕರುಳಿನ ಗೋಡೆಯಲ್ಲಿರುವ ಉಪ್ಪು ಆ ನೀರಿಗೆ ಇಳಿದು, ನೀರಿನ ಜೊತೆ ತಾನೂ ಹೊರಟುಹೋಗುತ್ತದೆ. ಕುಡಿದಷ್ಟೂ ಮೈ ಒಣಗುತ್ತದೆ, ಬಾಯಾರಿಕೆ ಹೆಚ್ಚುತ್ತದೆ, ಮತ್ತೆ ಕುಡಿಯುತ್ತಾರೆ. ಕಾಫಿ, ಟೀ ಕೂಡ ಬರೀ ನೀರಿನ ಲೆಕ್ಕವೇ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಇವರಿಗೆ ಬೇಕಾಗಿದ್ದದ್ದು ಸೋಡಿಯಂ. ಕಿಡ್ನಿ ಸೋತಿರುವಾಗ ಆ ಪೊಟ್ಯಾಸಿಯಂ ಬೇರೆ ಅಪಾಯ. ಜ್ಯೂಸಿನ ಸಕ್ಕರೆ ಮೈಯಿಂದ ಕರುಳಿಗೆ ಇನ್ನಷ್ಟು ನೀರು ಎಳೆಯುತ್ತದೆ.

ಮತ್ತೆ ಕುಡಿಸಬೇಕಾದ್ದು ಏನು? ನಿಜವಾದ ಓಆರ್‌ಎಸ್ ಪುಡಿ. ಸ್ವಲ್ಪ ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರ ಹಿಂದೆ ನೀರೂ ಬರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು ಅಂತ ಮೇಡಂ ಹೇಳಿದರು. ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರದಲ್ಲಿ ಒಂದು ಲೀಟರಿಗೆ ಗ್ಲೂಕೋಸ್ ಬರೀ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ. ಇನ್ನೆರಡು ಲವಣಗಳೂ ಇರುತ್ತವೆ. ಮೈದುನ ತಂದ ಪೊಟ್ಟಣವನ್ನು ಮನೆಗೆ ಬಂದು ತಿರುಗಿಸಿ ನೋಡಿದೆ. 200 ಎಂಎಲ್‌ಗೇ ಇಪ್ಪತ್ತು ಗ್ರಾಂ ಹತ್ತಿರ ಸಕ್ಕರೆ. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ಡಬ್ಲ್ಯೂಎಚ್‌ಒ ಹೇಳಿದ ಓಆರ್‌ಎಸ್ ಅಲ್ಲ ಅಂತ ಬರೆದಿತ್ತು. ಆ ಅಕ್ಷರ ನೋಡಿ ಕೈ ನಡುಗಿತು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಇಂಥವುಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಡಬ್ಲ್ಯೂಎಚ್‌ಒ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಅನ್ನುವ ಪದ ಬಳಸಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತು. ಆದರೂ ಕೊಳ್ಳುವಾಗ ತಿರುಗಿಸಿ ಓದಿ. ಪುಡಿ ಕಲಸುವಾಗಲೂ ಅಷ್ಟೇ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, ಚಿಕ್ಕದು 200 ಎಂಎಲ್‌ಗೆ. ಅಂದಾಜಿನಲ್ಲಿ ಒಂದು ಲೋಟಕ್ಕೆ ಸ್ವಲ್ಪ ಉದುರಿಸಿದರೆ ಪ್ರಯೋಜನವಿಲ್ಲ.

ಇವರಿಗೆ ದಿನಕ್ಕೆ ಒಂದು ಲೀಟರ್ ಓಆರ್‌ಎಸ್, ಗುಟುಕು ಗುಟುಕಾಗಿ. ನೀರು, ಕಾಫಿ, ಮಜ್ಜಿಗೆ ಎಲ್ಲ ಸೇರಿ ಇನ್ನೊಂದು ಲೀಟರ್ ಮೀರಬಾರದು ಅಂದರು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ ಅಂದರು. ಊಟಕ್ಕೆ ಅರ್ಧ ಗಂಟೆ ಮೊದಲು, ಕರುಳಿನ ಓಟ ನಿಧಾನ ಮಾಡುವ ಲೋಪರಮೈಡ್ ಮಾತ್ರೆ. ಇದು ಇವರಿಗೆ ಹೇಳಿದ ಲೆಕ್ಕ. ಹೃದಯದ ತೊಂದರೆ, ಕಿಡ್ನಿ ತೊಂದರೆ ಇದ್ದವರಿಗೆ ಬೇರೆ ಇರುತ್ತದೆ. ನಿಮ್ಮ ಡಾಕ್ಟರ ಬಾಯಿಂದಲೇ ಎಂಎಲ್‌ನಲ್ಲಿ ಹೇಳಿಸಿ ಬರೆದುಕೊಳ್ಳಿ.

ಊಟದಲ್ಲಿ ಮೆತ್ತಗಿನ ಬಿಳಿ ಅನ್ನ, ಮೊಸರನ್ನ, ಆಲೂಗಡ್ಡೆ, ಬಾಳೆಹಣ್ಣು, ಸಬ್ಬಕ್ಕಿ ಇವೆಲ್ಲ ಬ್ಯಾಗಿಗೆ ಬರುವುದನ್ನು ಗಟ್ಟಿ ಮಾಡಿದವು. ಉಪ್ಪು ಧಾರಾಳವಾಗಿ. ತಿಪಟೂರಿನವರಿಗೆ ಕಷ್ಟದ ಮಾತೊಂದಿದೆ. ಮೊದಲ ಎರಡು ತಿಂಗಳು ಕಾಯಿ ಚೂರು, ಕೊಬ್ಬರಿ, ಜೋಳದ ತೆನೆ, ಹಸಿ ತರಕಾರಿ ಮುಟ್ಟಬಾರದು. ಜೀರ್ಣವಾಗದೆ ಸ್ಟೋಮಾದ, ಅಂದರೆ ಹೊಟ್ಟೆಯ ಹೊರಗೆ ತಂದಿರುವ ಕರುಳಿನ, ಬಾಯಲ್ಲಿ ಸಿಕ್ಕಿಕೊಳ್ಳಬಹುದು. ಆಗ ಸುರಿಯುವ ಬದಲು ಪೂರ್ತಿ ನಿಂತುಹೋಗಿ ಹೊಟ್ಟೆ ಉಬ್ಬುತ್ತದೆ. ಅದೂ ಎಮರ್ಜೆನ್ಸಿಯೇ. ಅತ್ತೆ ಪಲ್ಯಕ್ಕೆ ಕಾಯಿತುರಿ ಹಾಕೋದನ್ನೇ ಬಿಟ್ಟರು.

ಆಸ್ಪತ್ರೆಯವರಿಗೆ ನನ್ನದೊಂದು ಮಾತಿದೆ. ಇಷ್ಟು ದೊಡ್ಡ ಆಪರೇಷನ್ ಮಾಡುತ್ತೀರಿ. ಮನೆಗೆ ಕಳಿಸುವ ಮೊದಲು ಅಡುಗೆ ಮಾಡುವವರನ್ನು ಕೂರಿಸಿಕೊಂಡು ಕನ್ನಡದಲ್ಲಿ ಅರ್ಧ ಗಂಟೆ ಮಾತಾಡಿದ್ದರೆ ಸಾಕಿತ್ತು. ಡಯಟೀಷಿಯನ್ ರಜೆ ಅಂದರೆ ನಾಳೆ ಬನ್ನಿ ಅನ್ನಬಹುದಿತ್ತು. ನಾನೂ ಹಠ ಹಿಡಿದು ಕೇಳಬೇಕಿತ್ತು. ನೀವು ಕೇಳಿ. ಡಯಟೀಷಿಯನ್ ನೋಡುವ ತನಕ ಡಿಸ್ಚಾರ್ಜ್ ಬೇಡ ಅಂತ ಹೇಳಿ. ಯಾರೂ ಬೈಯಲ್ಲ, ಬೈದರೂ ಪರವಾಗಿಲ್ಲ.

ಒಂದು ಅಳತೆ ಜಗ್ಗು ಕೊಳ್ಳಿ. ಬ್ಯಾಗ್ ಖಾಲಿ ಮಾಡಿದಾಗಲೆಲ್ಲ ಅಳೆದು ಕ್ಯಾಲೆಂಡರಿನಲ್ಲೇ ಬರೆಯಿರಿ. ಬೆಳಗ್ಗೆ ತೂಕ ನೋಡಿ. ಶುರುವಿನಲ್ಲಿ ಒಂದು ಲೀಟರಿನ ಆಸುಪಾಸು ಬರಬಹುದು, ಹೋಗ್ತಾ ಹೋಗ್ತಾ ಕಡಿಮೆಯಾಗುತ್ತದೆ. ಇವರಿಗೆ ಈಗ 700 ಎಂಎಲ್. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ, ಮೂತ್ರ ಕಡಿಮೆಯಾಗಿ ಕಪ್ಪಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮೀನಖಂಡ ಹಿಡಿದುಕೊಂಡರೆ ಆಸ್ಪತ್ರೆಗೆ ಹೊರಡಿ. ರಾತ್ರಿಯಾಗಿದ್ದರೂ ಹೊರಡಿ. ಇವರು ಸಂಜೆ ಕುಸಿದಾಗ ಸುಸ್ತಿರಬೇಕು, ಬೆಳಗಾಗಲಿ ನೋಡೋಣ ಅಂತ ನಾವು ಕಾದೆವು. ಆ ರಾತ್ರಿಯೂ ಎರಡು ಎಳನೀರು ಕುಡಿಸಿದ್ದೆ.