ಲೀಕೇಜ್ ಕ್ಲಾಂಪ್ ಮೀಟರ್: ಪದೇ ಪದೇ ಟ್ರಿಪ್ ಆಗುವ ಮನೆಗೆ ಇದು ಬೇಕೇ?

ಕ್ಲಾಂಪ್ ಮೀಟರ್ ಎಂದರೆ ವೈರನ್ನು ಕತ್ತರಿಸದೆ, ಇಕ್ಕಳದಂಥ ಬಾಯಲ್ಲಿ ಹಿಡಿದು ಕರೆಂಟ್ ಅಳೆಯುವ ಉಪಕರಣ; ಅರ್ಥಿಂಗ್‌ಗೆ ಸೋರುವ ಅಲ್ಪ ಕರೆಂಟನ್ನೂ ಅಳೆಯಬಲ್ಲದ್ದು ಲೀಕೇಜ್ ಮಾದರಿ. ಹೆಸರು ನೋಡಿ ಸಾಮಾನ್ಯ ಕ್ಲಾಂಪ್ ಮೀಟರ್ ಕೊಂಡು ತರಬೇಡಿ. ಅವುಗಳಲ್ಲಿ ಒಳ್ಳೆಯವು ಕೂಡ ಸಾಮಾನ್ಯವಾಗಿ 0.01 ಆಂಪ್, ಅಂದರೆ 10 ಮಿಲಿಆಂಪ್‌ವರೆಗೆ ಮಾತ್ರ ಸೂಕ್ಷ್ಮ. ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದಾಗ ತಾನಾಗಿ ಬಿದ್ದು ಮನೆಯ ಸರಬರಾಜು ಕಡಿಯುವ ಸ್ವಿಚ್) ಬೀಳುವುದೇ 30 ಮಿಲಿಆಂಪ್‌ನೊಳಗೆ. ಲೀಕೇಜ್ ಮಾದರಿಯದು 0.01 ಮಿಲಿಆಂಪ್ ವ್ಯತ್ಯಾಸವನ್ನೂ ತೋರಿಸುತ್ತದೆ. ಸಾಮಾನ್ಯ ಲೋಡ್ ಅಳೆಯಲು ಆಂಪ್ ರೇಂಜ್ ಕೂಡ ಇರುತ್ತದೆ. ವರ್ಷಗಟ್ಟಲೆ ಬಳಸಿದ ಮೇಲೂ ಉಪಕರಣದ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇದೆ, ಒಂದೆರಡು ತಕರಾರು ಬಿಟ್ಟರೆ.

ಇದರ ದೊಡ್ಡ ಉಪಕಾರವೆಂದರೆ, ಕೊನೆಗೆ ಸ್ವಿಚ್ ಹಾಕಿದ ಯಂತ್ರವನ್ನೇ ದೂರುವ ಚಟ ತಪ್ಪಿಸುವುದು. 30 ಮಿಲಿಆಂಪ್‌ನ ಆರ್‌ಸಿಸಿಬಿ 15ರವರೆಗೆ ಬೀಳಬಾರದು, 30ಕ್ಕೆ ಬೀಳಲೇಬೇಕು. ನಡುವೆ ಎಲ್ಲಿ ಬಿದ್ದರೂ ಅದು ಸರಿಯಾಗಿಯೇ ಇದೆ ಎಂದರ್ಥ. ಕಂಪ್ಯೂಟರ್, ವಾಷಿಂಗ್ ಮೆಷಿನ್, ಕೆಲವು ಎಲ್‌ಇಡಿ ಡ್ರೈವರ್‌ಗಳ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥಿಂಗ್‌ಗೆ ಸದಾ ಒಂದಿಷ್ಟು ಕರೆಂಟ್ ಬಿಡುತ್ತವೆ. ಅದು ದೋಷವಲ್ಲ, ವಿನ್ಯಾಸವೇ ಹಾಗೆ. ಇಂಥ ಐದಾರು ಸೇರಿ 14 ಮಿಲಿಆಂಪ್ ಆಗಿರುವಾಗ ಗೀಸರ್‌ನ ಹಳೆಯ ಕಾಯಿಲ್ ಇನ್ನು ಸ್ವಲ್ಪ ಸೇರಿಸಿದರೆ ಇಡೀ ಮನೆ ಕತ್ತಲು. ಕಾಯಂ ಸೋರಿಕೆ 9 ಮಿಲಿಆಂಪ್ ಮೀರದಂತೆ ನೋಡಿಕೊಳ್ಳಿ. ಮೀರಿದರೆ ಯಂತ್ರ ಬದಲಿಸುವುದಕ್ಕಿಂತ ಸರ್ಕ್ಯೂಟ್‌ಗಳನ್ನು ಎರಡು ಆರ್‌ಸಿಸಿಬಿಗೆ ಹಂಚುವುದು ಜಾಣತನ.

ಅಳೆಯುವ ಕ್ರಮ ಸರಳ. ಆರ್‌ಸಿಸಿಬಿಯಿಂದ ಹೊರಡುವ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪ್‌ನ ಬಾಯೊಳಗೆ ತನ್ನಿ, ಅರ್ಥಿಂಗ್ ವೈರ್ ಹೊರಗಿರಲಿ. ಹೋದಷ್ಟೇ ವಾಪಸ್ ಬಂದರೆ ಸೊನ್ನೆ. ಸೊನ್ನೆ ಬರದಿದ್ದರೆ ಕಾಣುವುದೇ ಸೋರಿಕೆ. ಒಂದೊಂದೇ ಎಂಸಿಬಿ (ಪ್ರತಿ ಸರ್ಕ್ಯೂಟ್‌ಗೂ ಇರುವ, ಓವರ್‌ಲೋಡ್ ಆದರೆ ಬೀಳುವ ಸ್ವಿಚ್) ಆಫ್ ಮಾಡುತ್ತ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಿ. ಆದರೆ ಕೂಡಿದ ಲೆಕ್ಕ ಸರಿಹೊಂದದಿದ್ದರೆ ಮೀಟರನ್ನು ಬೈಯಬೇಡಿ. ಕೆಪಾಸಿಟರ್ ಸೋರಿಕೆಯೂ ತೇವದಿಂದಾಗುವ ಸೋರಿಕೆಯೂ 90 ಡಿಗ್ರಿ ಹಿಂದುಮುಂದು ಇರುವುದರಿಂದ, ಅಂದರೆ ಎರಡರ ಏರಿಳಿತ ಒಂದೇ ಕ್ಷಣಕ್ಕೆ ಆಗದಿರುವುದರಿಂದ, 4 ಮತ್ತು 3 ಸೇರಿ 7 ಅಲ್ಲ, 5 ಬರುತ್ತದೆ.

ಒಂದೇ ಯಂತ್ರವನ್ನು ಪರೀಕ್ಷಿಸಲು ಮೂರು ಪಿನ್ನಿನ ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಇಟ್ಟುಕೊಳ್ಳಿ. ಹೊರಕವಚವನ್ನು ಒಂದು ಗೇಣು ಸೀಳಿ ತೆಗೆದು, ಒಳಗಿನ ಮೂರು ವೈರ್‌ಗಳ ಇನ್ಸುಲೇಷನ್‌ಗೆ ಕಿಂಚಿತ್ತೂ ಗಾಯವಾಗದಂತೆ ಬಿಡಿಸಿದರೆ ಸಾಕು. ಪರೀಕ್ಷೆಗೆ ಮಾತ್ರ ಬಳಸಿ, ಮುಗಿದ ಮೇಲೆ ಎತ್ತಿಡಿ. ಗೀಸರನ್ನು ತಣ್ಣಗಿರುವಾಗಲೂ ಬಿಸಿಯಾದ ಮೇಲೂ ಅಳೆಯಬೇಕು. ಕಾಯಿಲ್ ಒಳಗಿನ ಪುಡಿಗೆ ತೇವ ಹಿಡಿದಿದ್ದರೆ ಎರಡು ರೀಡಿಂಗ್ ಒಂದೇ ಇರುವುದಿಲ್ಲ.

ಎಲೆಕ್ಟ್ರಿಷಿಯನ್‌ಗಳನ್ನೂ ಸುಸ್ತು ಮಾಡಿಸುವ ದೋಷವೆಂದರೆ ನ್ಯೂಟ್ರಲ್ ಎಲ್ಲೋ ಅರ್ಥಿಂಗ್‌ಗೆ ತಗುಲಿರುವುದು. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ಆದ್ದರಿಂದ ಆ ಸರ್ಕ್ಯೂಟ್ ಆಫ್ ಇದ್ದರೂ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಆಗ ಆಫ್ ಆಗಿರುವ ಸರ್ಕ್ಯೂಟ್‌ನ ಜೋಡಿಗೇ ಕ್ಲಾಂಪ್ ಹಾಕಿ, ಬೇರೆ ಸರ್ಕ್ಯೂಟ್‌ನಲ್ಲಿ ಒಂದೆರಡು ಬಲ್ಬ್ ಹಚ್ಚಿ ನೋಡಿ. ರೀಡಿಂಗ್ ಏರಿದರೆ ದೋಷ ಅಲ್ಲೇ. ಎರಡು ಸರ್ಕ್ಯೂಟ್‌ಗಳಲ್ಲಿ ಒಂದೇ ಅಳತೆಯ ದೊಡ್ಡ ರೀಡಿಂಗ್, ಮಿಲಿ ಅಲ್ಲ, ಆಂಪ್ ಲೆಕ್ಕದಲ್ಲೇ ಕಂಡರೆ ಅದು ಸೋರಿಕೆಯಲ್ಲ. ಒಂದರ ಫೇಸ್‌ಗೆ ಇನ್ನೊಂದರ ನ್ಯೂಟ್ರಲ್ ಕೊಟ್ಟಿದ್ದಾರೆ.

ಬೀಳುತ್ತಿರುವುದು ಆರ್‌ಸಿಸಿಬಿ ಅಲ್ಲ, ಎಂಸಿಬಿ ಎಂದಾದರೆ ಫೇಸ್ ಒಂದನ್ನೇ ಹಿಡಿದು ಆಂಪ್ ರೇಂಜ್‌ನಲ್ಲಿ ಅಳೆಯಿರಿ. 16 ಆಂಪ್‌ನದು 18 ಆಂಪ್‌ವರೆಗೂ ಒಂದು ಗಂಟೆ ತಡೆಯಬೇಕು, 23 ದಾಟಿದರೆ ಗಂಟೆಯೊಳಗೆ ಬೀಳಬೇಕು. ಮೀಟರ್ 9 ಆಂಪ್ ತೋರಿಸುತ್ತಿದ್ದರೂ ಹತ್ತಿಪ್ಪತ್ತು ನಿಮಿಷಕ್ಕೆ ಬಿದ್ದರೆ ಸ್ಕ್ರೂ ಸಡಿಲವಾಗಿ ಬಿಸಿಯಾಗುತ್ತಿದೆ, ಇಲ್ಲವೇ ಎಂಸಿಬಿಯೇ ಸವೆದಿದೆ. ದೊಡ್ಡ ಎಂಸಿಬಿ ಹಾಕುವುದು ಪರಿಹಾರವಲ್ಲ. ವೈರ್ ಹಳೆಯದೇ ಇರುತ್ತದಲ್ಲ.

ಈಗ ತಕರಾರು. ಬಾಯಿ ಮುಚ್ಚುವ ಅಂಚುಗಳಲ್ಲಿ ದೂಳು ಕೂತರೆ ಮಿಲಿಆಂಪ್ ರೀಡಿಂಗ್ ತಪ್ಪುತ್ತದೆ; ಒಣ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಬೇಕು. ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಅಥವಾ ಭಾರೀ ಕರೆಂಟ್ ಹರಿಯುವ ವೈರ್ ಇದ್ದರೆ ಖಾಲಿ ಬಾಯಿಯೂ ಏನಾದರೊಂದು ತೋರಿಸುತ್ತದೆ, ಆದ್ದರಿಂದ ಮೊದಲು ಖಾಲಿಯಾಗಿಯೇ ಹಿಡಿದು ನೋಡಿ. 50/60 ಹರ್ಟ್ಸ್ ಫಿಲ್ಟರ್ (ಮೇನ್ಸ್ ಕರೆಂಟಿನದಲ್ಲದ ಹೆಚ್ಚಿನ ಆವರ್ತನಗಳನ್ನು ಸೋಸಿಬಿಡುವ ವ್ಯವಸ್ಥೆ) ಇಲ್ಲದ ಮಾದರಿ ಬೇಡವೇ ಬೇಡ: ಇನ್ವರ್ಟರ್ ಮೋಟರ್ ಇರುವ ಯಂತ್ರದಲ್ಲಿ ಫಿಲ್ಟರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಅಳೆದರೆ ಬರುವ ಅಂತರವೇ ಅರ್ಧ ರೋಗನಿದಾನ. ತಾನಾಗಿ ಆಫ್ ಆಗುವುದನ್ನು ನಿಲ್ಲಿಸಲಾಗದ ಮೀಟರ್ ಇನ್ನೊಂದು ತಲೆನೋವು. ಮ್ಯಾಕ್ಸ್ ಹೋಲ್ಡ್ (ಕಂಡ ಅತಿ ದೊಡ್ಡ ರೀಡಿಂಗನ್ನು ಹಿಡಿದಿಡುವ ಬಟನ್) ಹಾಕಿ ಕಾಯುತ್ತಿರುವಾಗಲೇ ನಿದ್ದೆ ಹೋಗುತ್ತದೆ.

ಆ ಮ್ಯಾಕ್ಸ್ ಹೋಲ್ಡ್ ಮೇಲೂ ಅತಿಯಾದ ನಂಬಿಕೆ ಬೇಡ. ದೊಡ್ಡ ಸೋರಿಕೆಗೆ ಆರ್‌ಸಿಸಿಬಿ 40 ಮಿಲಿಸೆಕೆಂಡಿನೊಳಗೆ ಬೀಳುತ್ತದೆ, ಮೀಟರ್ ಸೆಕೆಂಡಿಗೆ ಎರಡು ಮೂರು ಬಾರಿ ಮಾತ್ರ ನೋಡುತ್ತದೆ. ಆರ್‌ಸಿಸಿಬಿ ನಿಲ್ಲಲೇ ಒಪ್ಪದಿದ್ದರಂತೂ ಈ ಉಪಕರಣದಿಂದ ಪ್ರಯೋಜನವಿಲ್ಲ. ಮೇನ್ ಆಫ್ ಮಾಡಿ, ಯಂತ್ರಗಳನ್ನೆಲ್ಲ ಕಳಚಿ, ನ್ಯೂಟ್ರಲ್‌ಗಳನ್ನು ಬಾರ್‌ನಿಂದ ಬಿಡಿಸಿ, ಇನ್ಸುಲೇಷನ್ ಪರೀಕ್ಷಿಸುವ 500 ವೋಲ್ಟ್ ಮೆಗ್ಗರ್‌ನಿಂದ ಅರ್ಥಿಂಗ್ ಜತೆ ಅಳೆಯಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದ ಸರ್ಕ್ಯೂಟ್ ಕೆಟ್ಟಿದೆ.

ವೈರ್ ಕಳಚುವ ಅಗತ್ಯವಿಲ್ಲದಿದ್ದರೂ ತೆರೆದ ಡಿಬಿಯೊಳಗೆ (ಎಂಸಿಬಿ, ಆರ್‌ಸಿಸಿಬಿಗಳಿರುವ ಪೆಟ್ಟಿಗೆ) ಟರ್ಮಿನಲ್‌ಗಳಲ್ಲಿ ಕರೆಂಟ್ ಇರುತ್ತದೆ. ಕ್ಯಾಟ್ 3 (CAT III) ಎಂಬ ಸುರಕ್ಷತಾ ಗುರುತು ಇಲ್ಲದ ಮೀಟರ್ ಅಲ್ಲಿಗೆ ಒಯ್ಯಬೇಡಿ, ಮುಚ್ಚಳ ತೆಗೆದು ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್‌ನಿಂದಲೇ ಅಳೆಸಲಿ. ಒಂದೇ ಮನೆಗೆಂದು ಕೊಳ್ಳುವುದು ದುಬಾರಿ ಅನಿಸಿದರೆ, ಕರೆಯುವಾಗಲೇ ಲೀಕೇಜ್ ಕ್ಲಾಂಪ್ ಇದೆಯೇ ಎಂದು ಕೇಳಿ ಕರೆಯಿರಿ.