ಚಿರೆಕಲ್ಲಿನ ಮನೆಗೆ ವೈಫೈಯೋ, ಕೇಬಲ್ಲೋ?

ಶಿರಸಿ ಕಡೆಯ ಹಳೆಯ ಮನೆಗಳಲ್ಲಿ ಜಗುಲಿಯ ಮೇಲಿಟ್ಟ ರೂಟರಿನ ಸಿಗ್ನಲ್, ಎರಡು ದಪ್ಪ ಚಿರೆಕಲ್ಲಿನ ಗೋಡೆ ದಾಟಿ ಒಳಕೋಣೆ ಸೇರುವಷ್ಟರಲ್ಲಿ ಬಹಳ ಕ್ಷೀಣಿಸಿರುತ್ತದೆ. ವೈಫೈ ಬಳಸುವ ಎರಡು ತರಂಗಪಟ್ಟಿಗಳಲ್ಲಿ 5 ಗಿಗಾಹರ್ಟ್ಸ್ ಹತ್ತಿರದಲ್ಲಿ ವೇಗವಾದರೂ ಗೋಡೆಗೆ ಬೇಗ ಸೋಲುತ್ತದೆ, 2.4 ಗಿಗಾಹರ್ಟ್ಸ್ ದೂರ ತಲುಪಿದರೂ ನಿಧಾನ. ಮೊದಲು ರೂಟರನ್ನು ಟಿವಿಯ ಹಿಂದಿನಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿಟ್ಟು ನೋಡಬೇಕು. ಇದಕ್ಕೆ ಖರ್ಚಿಲ್ಲ, ಮೊಬೈಲಿಗೆ ಬಹುಮಟ್ಟಿಗೆ ಇಷ್ಟೇ ಸಾಕು.

ಮನೆಯಿಂದಲೇ ಕೆಲಸ ಮಾಡುವವರ ಕಂಪ್ಯೂಟರಿಗಾದರೆ ನಾನು ಕೇಬಲ್ಲನ್ನೇ ಹೇಳುತ್ತೇನೆ. ರೂಟರಿನಿಂದ ಕಂಪ್ಯೂಟರಿಗೆ ಎಳೆಯುವ ಕ್ಯಾಟ್ 6 ಎಂಬ ತಾಮ್ರದ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ಒಯ್ಯಬಲ್ಲದು, ಗೋಡೆಗಳ ಹಂಗು ಅದಕ್ಕಿಲ್ಲ. ಆದರೂ ನೀವು ಪಡೆದಿರುವ ಪ್ಲಾನಿನ ವೇಗವನ್ನು ಅದು ಮೀರಿಸದು. ತಾಮ್ರದ ತಂತಿ ಸಿಡಿಲಿನ ಆಘಾತವನ್ನೂ ಒಯ್ಯುವುದರಿಂದ, ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ ಮೋಡ ಕಟ್ಟಿದಾಗಲೇ, ಗುಡುಗುವ ಮೊದಲೇ, ಅದನ್ನು ಎರಡೂ ತುದಿಯಲ್ಲಿ ಕಳಚಿಡುವುದು ಅಗತ್ಯ.