ಯುಎಸ್‌ಎಸ್ ಮಿಡ್‌ವೇ ಮ್ಯೂಸಿಯಂ: ಮೊದಲು ಡೆಕ್ ಹತ್ತಿ, ಆಮೇಲೆ ಕೆಳಗಿಳಿಯಿರಿ

ಸ್ಯಾನ್ ಡಿಯಾಗೋದ ನೇವಿ ಪಿಯರ್‌ಗೆ ಕಟ್ಟಿರುವ ಮಿಡ್‌ವೇ, 1945ರಿಂದ 1992ರವರೆಗೆ ಅಮೆರಿಕದ ನೌಕಾಪಡೆಯಲ್ಲಿ ದುಡಿದ ವಿಮಾನವಾಹಕ ನೌಕೆ. 2004ರಿಂದ ಮ್ಯೂಸಿಯಂ. ಬೆಳಿಗ್ಗೆ 10ಕ್ಕೆ ಬಾಗಿಲು ತೆರೆಯುತ್ತದೆ, ಸಂಜೆ 4ರ ಮೇಲೆ ಒಳಗೆ ಬಿಡುವುದಿಲ್ಲ. ನಾಲ್ಕು ತಾಸಾದರೂ ಕೈಯಲ್ಲಿಟ್ಟುಕೊಂಡು ಹೋಗಿ.

ವಿಮಾನ ನಿಲ್ಲಿಸುವ ಹ್ಯಾಂಗರ್ ಡೆಕ್‌ನ ಸಿಮ್ಯುಲೇಟರ್‌ಗಳಿಗೆ ಬೇರೆ ದುಡ್ಡು, ಬಿಟ್ಟರೆ ನಷ್ಟವಿಲ್ಲ. ವಿಮಾನ ಏರಿಳಿಯುವ ಮೇಲಿನ ಫ್ಲೈಟ್ ಡೆಕ್ ನೇರ ಹತ್ತಿ. ಡೆಕ್ ಬದಿಯ ಗೋಪುರಕ್ಕೆ ಜನರನ್ನು ಗುಂಪು ಗುಂಪಾಗಿ ಬಿಡುವುದರಿಂದ ಹೊತ್ತೇರಿದಂತೆ ಸಾಲು ಬೆಳೆಯುತ್ತದೆ.

ಈ ಹಡಗಿನ ಜೀವಾಳ ಮುಂಭಾಗದ ಕ್ಯಾಟಪಲ್ಟ್, ಅಂದರೆ ವಿಮಾನವನ್ನು ಮುಂದಕ್ಕೆ ಚಿಮ್ಮಿಸುವ ಯಂತ್ರ. ಮೇಲಿಂದ ಕಾಣುವುದು ಉಕ್ಕಿನಲ್ಲಿ ಉದ್ದಕ್ಕೂ ಸೀಳಿದಂಥ ಒಂದು ಸಂದು ಮಾತ್ರ. ಅದರಡಿ ಜೋಡಿ ಸಿಲಿಂಡರ್, ಒಳಗೆ ಪಿಸ್ಟನ್. ಉಗಿ ನುಗ್ಗಿದೊಡನೆ ಪಿಸ್ಟನ್‌ಗೆ ಸೇರಿದ, ವಿಮಾನವನ್ನು ಎಳೆಯುವ ಕೊಂಡಿಯಾದ ಷಟಲ್ ಸುಮಾರು 75 ಮೀಟರ್ ಓಡುವಷ್ಟರಲ್ಲಿ ವಿಮಾನಕ್ಕೆ ಹಾರುವ ವೇಗ ಬಂದಿರುತ್ತದೆ. ಉಗಿಯ ಬಲ ವಿಮಾನದ ತೂಕಕ್ಕೆ ಹೊಂದಬೇಕು: ಕಡಿಮೆಯಾದರೆ ವಿಮಾನ ಸಮುದ್ರಕ್ಕೆ, ಹೆಚ್ಚಾದರೆ ಅದರ ಕೀಲುಗಳಿಗೇ ಪೆಟ್ಟು. ಇಳಿಯುವುದು ಇದಕ್ಕಿಂತ ಕಷ್ಟ. ಚಕ್ರ ತಾಗಿದ ಕ್ಷಣವೇ ಪೈಲಟ್ ಎಂಜಿನ್ನನ್ನು ಪೂರ್ತಿ ಏರಿಸುತ್ತಾನೆ, ವಿಮಾನದ ಬಾಲದ ಕೊಕ್ಕೆಗೆ ಡೆಕ್ ಮೇಲೆ ಅಡ್ಡ ಬಿಗಿದ ತಡೆತಂತಿ ಸಿಗದಿದ್ದರೆ ಮತ್ತೆ ಹಾರಲೇಬೇಕಲ್ಲ. ಹಾಗೆ ಹಾರಲು ಎದುರಿಗೆ ತೆರವಿರಲೆಂದೇ 1950ರ ದಶಕದಲ್ಲಿ ಇದಕ್ಕೆ ಓರೆ ಡೆಕ್ ಕೂಡಿಸಿದರು. ನೌಕಾಪಡೆಯಲ್ಲಿ ದುಡಿದು ಬಂದ ಸ್ವಯಂಸೇವಕರು ಇದನ್ನೆಲ್ಲ ಡೆಕ್ ಮೇಲೆಯೇ ವಿವರಿಸುತ್ತಾರೆ. ಆ ಮಾತು ತಪ್ಪಿಸಿಕೊಂಡರೆ ಟಿಕೆಟ್ಟಿನ ಅರ್ಧ ಹಣ ವ್ಯರ್ಥ.

ಕಾರವಾರದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಕಂಡವರಿಗೆ ವ್ಯತ್ಯಾಸ ಇಲ್ಲೇ ಹೊಳೆಯುತ್ತದೆ. ಅದರಲ್ಲಿ ಕ್ಯಾಟಪಲ್ಟ್ ಇಲ್ಲ, ಮೂತಿ ಮೇಲೆದ್ದ ಸ್ಕೀ-ಜಂಪ್ ಇದೆ. ಅದರ ಯುದ್ಧವಿಮಾನ ಮಿಗ್-29ಕೆ ತನ್ನ ಎಂಜಿನ್ ಬಲದಲ್ಲೇ ಏರಬೇಕಾದ್ದರಿಂದ ಇಂಧನ, ಶಸ್ತ್ರಗಳ ಹೊರೆಗೆ ಮಿತಿ ಬೀಳುತ್ತದೆ. ಭಾರವಾದ ರಡಾರ್ ವಿಮಾನ ಅಲ್ಲಿಂದ ಏಳಲಾರದು; ಆ ಕೆಲಸಕ್ಕೆ ಕಾಮೋವ್-31 ಹೆಲಿಕಾಪ್ಟರ್. 1961ರಲ್ಲಿ ಸೇವೆಗೆ ಬಂದ ನಮ್ಮ ಹಳೆಯ ವಿಕ್ರಾಂತ್‌ನಲ್ಲಿ ಉಗಿ ಕ್ಯಾಟಪಲ್ಟ್ ಇತ್ತು. ಮುಂಬೈಯಲ್ಲಿ 2012ರವರೆಗೆ ಮ್ಯೂಸಿಯಂ ಆಗಿದ್ದ ಆ ಹಡಗನ್ನು 2014ರಲ್ಲಿ ಗುಜರಿಗೆ ಹಾಕಿದರು. ಮಿಡ್‌ವೇಯ ಈ ಸಂದಿನ ಮುಂದೆ ನಿಂತಾಗ ಆ ನಷ್ಟದ ಗಾತ್ರ ತಿಳಿಯುತ್ತದೆ.

ಕೊನೆಗೆ ಎಂಜಿನ್ ಕೋಣೆ. 12 ಬಾಯ್ಲರ್, 4 ಟರ್ಬೈನ್. ಏಣಿಗಳು ಕಡಿದಾಗಿವೆ, ದಾರಿ ಇಕ್ಕಟ್ಟು. ಎರಡೂ ಕೈ ಖಾಲಿಯಿರಲಿ. ಗಾಲಿಕುರ್ಚಿಯವರಿಗೆ ಹ್ಯಾಂಗರ್ ಮತ್ತು ಫ್ಲೈಟ್ ಡೆಕ್‌ಗೆ ಲಿಫ್ಟ್ ಉಂಟು, ಎಂಜಿನ್ ಕೋಣೆಗೆ ಇಳಿಯಲಾಗದು.

ಹೊರಡುವ ಮುನ್ನ ಕೊಲ್ಲಿಯಾಚೆಯ ನಾರ್ತ್ ಐಲ್ಯಾಂಡ್ ನೌಕಾನೆಲೆ ಕಡೆ ನೋಡಿ. ಬಂದರಿನಲ್ಲಿದ್ದರೆ, ಅಣುಶಕ್ತಿಯ ನಿಮಿಟ್ಜ್ ವರ್ಗದ ವಿಮಾನವಾಹಕ ನೌಕೆಯೊಂದು ಅಲ್ಲೇ ಕಾಣಸಿಗುತ್ತದೆ.